ಬಿಡಿಯ ಹಾಳೆ, ಇಡಿಯ ಗ್ರಂಥ

ಹಳೆಯ ವಸ್ತುಗಳನ್ನು ಕಲೆಹಾಕುವ ಹವ್ಯಾಸವನ್ನು ಲೋಕವು ಸಾಮಾನ್ಯವಾಗಿ ಎರಡು ವಿಧವಾಗಿ ಕಾಣುತ್ತದೆ. ಕೆಲವರು ಅದನ್ನು ಅನುಕೂಲಸ್ಥರ ಗೀಳೆಂದು ನಕ್ಕುಬಿಡುವರು. ಮತ್ತೆ ಕೆಲವರು ಅದನ್ನು ಸಂಸ್ಕೃತಿಯ ಸೇವೆಯೆಂದು ಕೊಂಡಾಡುವರು. ಈ ಎರಡು ಅಭಿಪ್ರಾಯಗಳೂ ಸಂಗ್ರಹಕಾರನನ್ನು ನೋಡಿ ಹೇಳಿದುವು. ಸಂಗ್ರಹಕ್ಕೆ ಬಂದ ವಸ್ತುವನ್ನು ನೋಡಿ ಹೇಳಿದುವಲ್ಲ. ಆ ವಸ್ತುವಿನ ಪಕ್ಷವನ್ನು ವಹಿಸಿ ಒಂದು ಪ್ರಶ್ನೆಯನ್ನು ಕೇಳಬಹುದಾಗಿದೆ: ಬೆಲೆ ಕೊಟ್ಟು ಕೊಂಡ ಮಾತ್ರಕ್ಕೆ ಒಂದು ವಸ್ತುವನ್ನು ಏನು ಬೇಕಾದರೂ ಮಾಡುವ ಅಧಿಕಾರವು ಕೊಂಡವನಿಗೆ ಬರುವುದೇ? ನ್ಯಾಯಸ್ಥಾನದಲ್ಲಿ ಇದಕ್ಕೆ ಉತ್ತರ ಸುಲಭ. ಧರ್ಮವಿಚಾರದಲ್ಲಿ ಅಷ್ಟು ಸುಲಭವಲ್ಲ. ಪ್ರಶ್ನೆ ದೊಡ್ಡದಾದಾಗ ಉದಾಹರಣೆ ಚಿಕ್ಕದಾಗಿರುವುದು ವಿಚಾರಕ್ಕೆ ಅನುಕೂಲ. ಆದುದರಿಂದ ಇಂಗ್ಲೆಂಡಿನ ಹಳೆಯ ಸಚಿತ್ರ ತೋಟಗಾರಿಕೆಯ ಪತ್ರಿಕೆಗಳನ್ನೂ, ಅವುಗಳನ್ನು ಸಂಗ್ರಹಿಸುವವರ ನಡತೆಯನ್ನೂ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದೆ.

ಈ ಜಾತಿಯ ಪತ್ರಿಕೆಗಳಲ್ಲಿ ಅಗ್ರಸ್ಥಾನವು ವಿಲಿಯಂ ಕರ್ಟಿಸನು 1787ನೆಯ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಪ್ರಾರಂಭಿಸಿದ ‘ಬೊಟಾನಿಕಲ್ ಮ್ಯಾಗಜೀನ್’ ಎಂಬುದಕ್ಕೆ ಸಲ್ಲುತ್ತದೆ. ಕರ್ಟಿಸನು (1746–1799) ಔಷಧ ವ್ಯಾಪಾರದ ಕಸಬನ್ನು ಕಲಿತು, ಅದನ್ನು ಬಿಟ್ಟು, ಸಸ್ಯಗಳ ಅಧ್ಯಯನಕ್ಕೆ ನಿಂತವನು. ಮೊದಲು ಅವನು ಲಂಡನ್ ನಗರದ ಸುತ್ತಮುತ್ತ ತಾನಾಗಿ ಬೆಳೆಯುವ ಗಿಡಗಳನ್ನು ಕುರಿತು ‘ಫ್ಲೋರಾ ಲಂಡಿನೆನ್ಸಿಸ್’ ಎಂಬ ದೊಡ್ಡ ಆಕಾರದ ಗ್ರಂಥವನ್ನು ಹೊರಡಿಸಿ, ಕೀರ್ತಿಯನ್ನು ಪಡೆದು ಹಣವನ್ನು ಕಳೆದುಕೊಂಡನು. ಹಾದಿಬದಿಯ ಕಳೆಗಿಡದ ಚಿತ್ರಕ್ಕೆ ಹಣ ತೆರುವವರು ವಿರಳ, ತೋಟದಲ್ಲಿ ಬೆಳೆಸಿದ ಪರದೇಶದ ಹೂವಿನ ಚಿತ್ರಕ್ಕೆ ತೆರುವವರು ಬಹಳ ಎಂಬುದನ್ನು ಅನುಭವದಿಂದ ತಿಳಿದು, ಚಿಕ್ಕ ಆಕಾರದ ಈ ಮಾಸಪತ್ರಿಕೆಯನ್ನು ತೊಡಗಿದನು. ಸಂಚಿಕೆಯೊಂದಕ್ಕೆ ಮೂರು ಚಿತ್ರಪಟಗಳು; ಬೆಲೆ ಒಂದು ಷಿಲಿಂಗು. ತಾವು ಬೆಳೆಸುವ ಗಿಡಗಳನ್ನು ಶಾಸ್ತ್ರರೀತಿಯಲ್ಲಿ ಅರಿಯಲು ಬಯಸುವ ಗೃಹಸ್ಥರು, ಗೃಹಿಣಿಯರು, ತೋಟಗಾರರು—ಇವರೇ ಅದರ ಉದ್ದಿಷ್ಟ ವಾಚಕರು. ಸುಮಾರು 3,000 ಪ್ರತಿಗಳು ಮಾರಾಟವಾಗತೊಡಗಿದುವು. ಕರ್ಟಿಸನು ತೀರಿಕೊಂಡ ಮೇಲೂ ಪತ್ರಿಕೆ ನಿಲ್ಲಲಿಲ್ಲ. 1827ರಲ್ಲಿ ಅದರ ಸಂಪಾದಕತ್ವವು ವಿಲಿಯಂ ಜಾಕ್ಸನ್ ಹೂಕರನ ಕೈಗೆ ಬಂದಿತು. ಅವನು 1841ರಲ್ಲಿ ಕ್ಯೂ ಸಸ್ಯೋದ್ಯಾನದ ನಿರ್ದೇಶಕನಾದನು. ಅಂದಿನಿಂದ ಪತ್ರಿಕೆಗೂ ಕ್ಯೂ ತೋಟಕ್ಕೂ ಬೆಸೆದ ನಂಟು ಇಂದಿಗೂ ಬಿಟ್ಟಿಲ್ಲ. ಎರಡು ಶತಮಾನಗಳಿಗೂ ಮಿಕ್ಕ ಅವಧಿಯಲ್ಲಿ ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚಿನ ಚಿತ್ರಪಟಗಳು ಬೆಳಕು ಕಂಡಿವೆ.

ಆ ಪಟಗಳು ತಯಾರಾಗುತ್ತಿದ್ದ ರೀತಿಯನ್ನು ತಿಳಿಯದೆ ಅವುಗಳ ಬೆಲೆ ತಿಳಿಯದು. ಗಿಡವನ್ನು ಎದುರಿಗಿಟ್ಟುಕೊಂಡು ಚಿತ್ರಕಾರನು ಬರೆದ ಚಿತ್ರದ ರೇಖೆಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಕಾಗದದ ಮೇಲೆ ಅಚ್ಚೊತ್ತುತ್ತಿದ್ದರು. ಮುಂದೆ ತಾಮ್ರದ ಸ್ಥಾನಕ್ಕೆ ಕಲ್ಲಚ್ಚು ಬಂದಿತು. ಬಣ್ಣವನ್ನಾದರೋ, ಪ್ರತಿಯೊಂದು ಪ್ರತಿಯ ಪ್ರತಿಯೊಂದು ಹಾಳೆಗೂ ಕುಂಚದಿಂದ ಕೈಯಲ್ಲೇ ಹಾಕುತ್ತಿದ್ದರು. ಈ ಪದ್ಧತಿ 1948ರವರೆಗೆ ನಡೆಯಿತು. ಮೂರು ಪಟಗಳನ್ನು ಮೂರು ಸಾವಿರ ಪ್ರತಿಗಳಿಂದ ಗುಣಿಸಿದರೆ ಒಂದು ಸಂಚಿಕೆಗೆ ಒಂಬತ್ತು ಸಾವಿರ ಹಾಳೆಗಳಾದುವು! ಚಿತ್ರಕಾರರ ಹೆಸರುಗಳು ಉಳಿದಿವೆ: ಸಿಡೆನ್‌ಹ್ಯಾಮ್ ಎಡ್ವರ್ಡ್ಸ್, 1834ರಿಂದ 1877ರವರೆಗೆ ಎಡೆಬಿಡದೆ ದುಡಿದ ವಾಲ್ಟರ್ ಹುಡ್ ಫಿಚ್, ಅವನ ತರುವಾಯ ನಾಲ್ಕು ದಶಕಗಳಿಗೂ ಮೇಲ್ಪಟ್ಟು ಆ ಭಾರವನ್ನು ಹೊತ್ತ ಮಟಿಲ್ಡಾ ಸ್ಮಿತ್. ಬಣ್ಣ ತುಂಬಿದ ಕೈಗಳ ಹೆಸರುಗಳು ಪುಟದ ಮೇಲಿಲ್ಲ. ಆದರೆ ಕೆಲಸವಿದೆ. ಒಂದು ಪ್ರತಿಯಲ್ಲಿ ದಳದ ಅಂಚಿನ ಕೆಂಪು ಕೊಂಚ ಗಾಢ, ಇನ್ನೊಂದರಲ್ಲಿ ಕೊಂಚ ತೆಳು. ಹೀಗೆ ಸಾವಿರ ಪ್ರತಿಗಳಿದ್ದರೂ ಯಾವ ಎರಡು ಪ್ರತಿಗಳೂ ಸಂಪೂರ್ಣವಾಗಿ ಒಂದೇ ಅಲ್ಲ.

ಕರ್ಟಿಸನ ಪತ್ರಿಕೆಯ ಯಶಸ್ಸು ಅನೇಕರಿಗೆ ಮೇಲ್ಪಂಕ್ತಿಯಾಯಿತು. ಎಡ್ವರ್ಡ್ಸನು 1815ರಲ್ಲಿ ಹೊರಬಂದು ‘ಬೊಟಾನಿಕಲ್ ರಿಜಿಸ್ಟರ್’ ಎಂಬುದನ್ನು ತೊಡಗಿದನು. ಲಾಡಿಜಸ್ ಮನೆತನದ ಸಸಿವ್ಯಾಪಾರಿಗಳ ‘ಬೊಟಾನಿಕಲ್ ಕ್ಯಾಬಿನೆಟ್’ 1817ರಿಂದ 1833ರವರೆಗೆ ನಡೆದು 2,000 ಪಟಗಳನ್ನು ಕೊಟ್ಟಿತು. ಜಾನ್ ಕ್ಲಾಡಿಯಸ್ ಲೌಡನ್ನನು 1826ರಲ್ಲಿ ‘ಗಾರ್ಡನರ್ಸ್ ಮ್ಯಾಗಜೀನ್’ ಎಂಬುದನ್ನು ಪ್ರಾರಂಭಿಸಿದಾಗ, ಶಸ್ತ್ರಚಿಕಿತ್ಸೆಯಲ್ಲಿ ಅವನ ಬಲಗೈ ಹೋಗಿ ಒಂದು ವರ್ಷವೂ ಕಳೆದಿರಲಿಲ್ಲವೆಂದೇ ಹೇಳಬಹುದು. ಬೆಲ್ಜಿಯಂ ದೇಶದ ಗೆಂಟ್ ನಗರದಿಂದ ಲೂಯಿ ವಾನ್ ಹೌಟನು 1845ರಿಂದ ‘ಫ್ಲೋರ್ ದೆ ಸೆರ್’ ಎಂಬ ಪತ್ರಿಕೆಯನ್ನು ಹೊರಡಿಸಿ, ಬಣ್ಣದ ಕಲ್ಲಚ್ಚನ್ನು ಬಹಳ ಎತ್ತರಕ್ಕೆ ಒಯ್ದನು. ಈ ಪತ್ರಿಕೆಗಳ ಹಳೆಯ ಸಂಪುಟಗಳು ಇಂದು ಗ್ರಂಥವಿಕ್ರಯಿಗಳ ಅಂಗಡಿಗಳಲ್ಲಿಯೂ ಹರಾಜುಗಳಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತವೆ. ಇಲ್ಲಿಂದಲೇ ನಮ್ಮ ಪ್ರಶ್ನೆ ಹುಟ್ಟುವುದು.

ಏನೆಂದರೆ, ಇಡಿಯ ಸಂಪುಟವೊಂದಕ್ಕೆ ಬರುವ ಬೆಲೆಗಿಂತ, ಅದರೊಳಗಿನ ಪಟಗಳನ್ನು ಒಂದೊಂದಾಗಿ ಮಾರಿದರೆ ಬರುವ ಒಟ್ಟು ಮೊತ್ತವು ಅನೇಕ ವೇಳೆ ಹೆಚ್ಚು. ಇದನ್ನು ಕಂಡುಕೊಂಡ ವ್ಯಾಪಾರಿಯು ಸಂಪುಟದ ರಟ್ಟನ್ನು ಕಳಚಿ, ಹೊಲಿಗೆಯನ್ನು ಕತ್ತರಿಸಿ, ಪಟಗಳನ್ನು ಬೇರ್ಪಡಿಸುತ್ತಾನೆ. ಗುಲಾಬಿ, ನೈದಿಲೆ, ಸೀತಾಳೆ ಹೂಗಳ ಪಟಗಳು ಕಟ್ಟು ಹಾಕಿಸಿಕೊಂಡು ಗೋಡೆಗಳನ್ನೇರುತ್ತವೆ. ಕಣ್ಣಿಗೆ ಅಷ್ಟಾಗಿ ಹಿಡಿಸದ ಹುಲ್ಲು, ಕುರುಚಲು, ಕಳ್ಳಿಗಳ ಪಟಗಳು ಮೂಲೆಯಲ್ಲಿ ಉಳಿಯುತ್ತವೆ. ಅಕ್ಷರವಿರುವ ಪುಟಗಳು ರದ್ದಿಗೆ ಹೋಗುತ್ತವೆ. ಇಂಥ ಬಿಡಿಹಾಳೆಗಳನ್ನು ಕೊಳ್ಳುವ ಸಂಗ್ರಹಕಾರರಿರುವುದರಿಂದಲೇ ಈ ವ್ಯಾಪಾರ ನಡೆಯುತ್ತಿದೆ. ಹಾಗಾದರೆ ಇದರಲ್ಲಿ ತಪ್ಪುಂಟೇ? ಉಂಟಾದರೆ ಯಾವುದು?

ಮೊದಲು ಬಿಡಿಸುವವನ ವಾದವನ್ನು ಪೂರ್ಣವಾಗಿ ಕೇಳುವುದು ನ್ಯಾಯ. ಅವನು ಹೇಳತಕ್ಕದ್ದು ಮೂರು ಮಾತು. ಒಂದನೆಯದು, ಈ ಪತ್ರಿಕೆಗಳು ಏಕೈಕ ಪ್ರತಿಗಳಲ್ಲ, ಸಾವಿರಗಟ್ಟಲೆ ಅಚ್ಚಾದುವು, ದೊಡ್ಡ ಗ್ರಂಥಾಲಯಗಳಲ್ಲಿ ಪೂರ್ಣವಾದ ಶ್ರೇಣಿಗಳು ಭದ್ರವಾಗಿವೆ, ಒಂದು ಪ್ರತಿ ಬಿಡಿಯಾದರೆ ಲೋಕಕ್ಕೇನೂ ನಷ್ಟವಿಲ್ಲ. ಎರಡನೆಯದು, ಸಂಪುಟವೊಂದನ್ನು ಧನಿಕನೊಬ್ಬನೇ ಕೊಳ್ಳಬಲ್ಲ; ಹಾಳೆಯೊಂದನ್ನು ಉಪಾಧ್ಯಾಯನೂ ಗುಮಾಸ್ತನೂ ಕೊಳ್ಳಬಲ್ಲರು; ಆದುದರಿಂದ ಬಿಡಿಸುವುದು ಒಂದು ವಿಧವಾದ ಹಂಚಿಕೆ. ಮೂರನೆಯದು, ಬೀರುವಿನೊಳಗೆ ಮುಚ್ಚಿದ ಪುಸ್ತಕವನ್ನು ಯಾರೂ ನೋಡರು. ಗೋಡೆಯ ಮೇಲಿನ ಚಿತ್ರವನ್ನು ಮನೆಗೆ ಬಂದವರೆಲ್ಲ ನೋಡುವರು. ಚಿತ್ರ ಹುಟ್ಟಿದ್ದು ನೋಡುವುದಕ್ಕಾಗಿಯೇ ಅಲ್ಲವೇ? ಈ ಮಾತುಗಳು ಪೊಳ್ಳಲ್ಲ. ವಿಶೇಷವಾಗಿ ಮೂರನೆಯದರಲ್ಲಿ ನಮಗೆ ಕಲಿಯತಕ್ಕ ಪಾಠವೇ ಇದೆ. ಅದನ್ನು ಮುಂದೆ ವಿಚಾರಿಸೋಣ.

ಕರ್ಟಿಸನ ಪತ್ರಿಕೆಯ ಮೊತ್ತಮೊದಲ ಪಟವು ಪಾರಸಿಕ ದೇಶದ ಐರಿಸ್ ಹೂವಿನದು. ಅದರ ಎದುರಿನ ಪುಟದಲ್ಲಿ ಅವನು ಬರೆದಿರುವ ಸಂಗತಿಗಳಿವು: ಆ ಹೂವು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಎಂದರೆ ಅಲ್ಲಿ ಚಳಿ ಇನ್ನೂ ಹಿಂಗದಿರುವ ಕಾಲದಲ್ಲಿ, ಅರಳುತ್ತದೆ, ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಮನೆಯೊಳಗೇ ಅದನ್ನು ಅರಳಿಸಬಹುದು, ಮರಳು ತುಂಬಿದ ಕುಂಡದಲ್ಲಾದರೆ ಇನ್ನೂ ಪುಷ್ಟಿಯಾಗಿ ಬರುತ್ತದೆ, ಒಳ್ಳೆಯ ಗಡ್ಡೆಗಳು ಹಾಲೆಂಡಿನಿಂದ ಬರುತ್ತವೆ, ನಾಲ್ಕಾರು ಹೂಗಳಿದ್ದರೆ ಕೋಣೆಯೆಲ್ಲ ಸುವಾಸನೆಯಿಂದ ತುಂಬುತ್ತದೆ. ಈಗ ಈ ಎರಡು ಪುಟಗಳನ್ನು ಬೇರೆಮಾಡಿದರೆ ಏನಾಯಿತು? ರೂಪವು ಗೋಡೆಗೆ ಹೋಯಿತು. ಕಂಪು ರದ್ದಿಗೆ ಹೋಯಿತು. ಹೂವಿನ ಸಂಗದಿಂದ ನಾರೂ ಸ್ವರ್ಗಕ್ಕೇರಿತೆಂಬುದು ನಮ್ಮಲ್ಲಿ ಗಾದೆ. ಇಲ್ಲಿಯ ನಾರು ಬರಿಯ ಸಂಗಾತಿಯಲ್ಲ, ಹೂಗಳನ್ನು ಒಂದು ಮಾಲೆಯಾಗಿ ಹಿಡಿದಿದ್ದುದೇ ಅದು. ನಾರನ್ನು ಕಿತ್ತವನು ಹೂಗಳನ್ನು ಉಳಿಸಿದೆನೆಂದು ಹೇಳಿಕೊಳ್ಳಬಹುದು, ಮಾಲೆಯನ್ನು ಉಳಿಸಿದೆನೆಂದು ಹೇಳಿಕೊಳ್ಳುವಂತಿಲ್ಲ.

ಇನ್ನೊಂದು ನಿದರ್ಶನ. 1847ನೆಯ ಜನವರಿಯ ಸಂಚಿಕೆಯನ್ನು ಹೂಕರನು ಇಡಿಯಾಗಿ ಒಂದೇ ಒಂದು ಗಿಡಕ್ಕೆ ಮೀಸಲಿಟ್ಟನು. ಅದು ದಕ್ಷಿಣ ಅಮೆರಿಕೆಯ ಮಹಾನದಿಗಳ ದೈತ್ಯ ನೈದಿಲೆ. ವಿಕ್ಟೋರಿಯಾ ರಾಣಿಯ ಹೆಸರನ್ನು ಪಡೆದುದು. ಫಿಚ್ ಬರೆದ ನಾಲ್ಕು ಪಟಗಳು ಅದರಲ್ಲಿವೆ. ಆಗ್ಗೆ ಇಂಗ್ಲೆಂಡಿನಲ್ಲಿ ಆ ಗಿಡವು ಇನ್ನೂ ಹೂ ಬಿಟ್ಟಿರಲಿಲ್ಲ; ಜೋಸೆಫ್ ಪ್ಯಾಕ್ಸ್‌ಟನ್ನನು ಚ್ಯಾಟ್ಸ್‌ವರ್ತಿನಲ್ಲಿ ಅದನ್ನು ಅರಳಿಸಿದುದು 1849ನೆಯ ನವೆಂಬರಿನಲ್ಲಿ. ಯಾವ ಯಾವ ಪ್ರವಾಸಿಗಳು ಅದನ್ನು ಎಲ್ಲೆಲ್ಲಿ ಕಂಡರೆಂಬ ವೃತ್ತಾಂತವನ್ನು ಹೂಕರನು ಚಿತ್ರಗಳೊಡನೆ ಕೊಟ್ಟಿದ್ದಾನೆ. ಒಂದು ದೇಶದ ತೋಟಗಾರಸಮುದಾಯವು ಕಣ್ಣಾರೆ ಕಾಣದ ಹೂವೊಂದಕ್ಕಾಗಿ ಹೇಗೆ ಹಂಬಲಿಸುತ್ತಿತ್ತೆಂಬುದು ಆ ಸಂಚಿಕೆಯನ್ನು ಮೊದಲಿಂದ ಕಡೆಯವರೆಗೆ ಓದಿದವನಿಗೆ ಗೊತ್ತಾಗುತ್ತದೆ. ಬಿಡಿಸಿ ಮಾರಿದಾಗ ಅರಳಿದ ಹೂವಿನ ಪಟಕ್ಕೆ ಗಿರಾಕಿಗಳು ಮುಗಿಬೀಳುವರು. ಹೂವನ್ನು ಸೀಳಿ ಒಳಭಾಗವನ್ನು ತೋರಿಸಿದ ಪಟವನ್ನು ಕೇಳುವವರು ಕಡಮೆ. ಉಳಿದುದು ಅಲಂಕಾರ; ಹೋದುದು ಜಿಜ್ಞಾಸೆ.

ಚಿತ್ರವೇ ಇಲ್ಲದ ಪುಟಗಳ ಮಾತು ಇನ್ನೂ ಗಂಭೀರವಾದುದು. ಪ್ಯಾಕ್ಸ್‌ಟನ್, ಜಾನ್ ಲಿಂಡ್ಲೆ ಮೊದಲಾದವರು 1841ರಲ್ಲಿ ಸ್ಥಾಪಿಸಿದ ‘ಗಾರ್ಡನರ್ಸ್ ಕ್ರಾನಿಕಲ್’ ಎಂಬ ವಾರಪತ್ರಿಕೆ ಹೂಗಳ ಪ್ರದರ್ಶನ, ಬೀಜದ ಸಮಾಚಾರ, ಗಾಜಿನ ಮನೆಗಳ ನಿರ್ಮಾಣ ಮುಂತಾದ ವಿಷಯಗಳಿಗೆಂದು ಹುಟ್ಟಿತು. 1845ನೆಯ ಸೆಪ್ಟೆಂಬರಿನಲ್ಲಿ ಲಿಂಡ್ಲೆಯು ಅದೇ ಪತ್ರಿಕೆಯಲ್ಲಿ, ಆಲೂಗೆಡ್ಡೆಯ ಕೊಳೆರೋಗವು ಐರ್ಲೆಂಡಿನಲ್ಲಿ ಕಾಣಿಸಿಕೊಂಡಿತೆಂಬ ವಾರ್ತೆಯನ್ನು ಪ್ರಕಟಿಸಿದನು. ಅದರ ಹಿಂದೆ ಬಂದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದರು. ತೋಟಗಾರಿಕೆಯ ಪತ್ರಿಕೆಯೊಂದರ ಅಂಕಣದಲ್ಲಿ ಒಂದು ಜನಾಂಗದ ದುರ್ದೈವದ ಮೊದಲ ಸುದ್ದಿ ಅಡಗಿದೆ! ಅಂದದ ಚಿತ್ರವನ್ನು ಮಾತ್ರ ಆರಿಸುವ ಕತ್ತರಿಗೆ ಆ ಅಂಕಣ ಕಾಣಿಸದು. ಇದೇ ರೀತಿ, ಬಿಡಿ ಸಂಚಿಕೆಗಳ ಮೇಲಿದ್ದ ತೆಳುಕಾಗದದ ಹೊದಿಕೆಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಸಂಪುಟ ಕಟ್ಟುವಾಗ ಕಿತ್ತೆಸೆಯುವುದು ಹಿಂದಿನಿಂದಲೂ ವಾಡಿಕೆ. ಯಾವ ಸಸಿಯನ್ನು ಯಾರು ಮಾರುತ್ತಿದ್ದರು, ಯಾವ ಬೀಜಕ್ಕೆ ಎಷ್ಟು ಬೆಲೆ ಎಂಬುದನ್ನು ತಿಳಿಸಬಲ್ಲ ಆ ಹಾಳೆಗಳೇ ಇಂದು ದುರ್ಲಭ. ಯಾವುದು ಮುಂದೆ ಬೇಕಾದೀತೆಂಬುದನ್ನು ಒಂದು ತಲೆಮಾರು ಪೂರ್ತಿಯಾಗಿ ಊಹಿಸಲಾರದು. ಆದುದರಿಂದಲೇ ತನಗೆ ರುಚಿಸದ ಪುಟದ ವಿಷಯದಲ್ಲಿಯೂ ಸಂಗ್ರಹಕಾರನು ಕೈ ತಡೆದುಕೊಳ್ಳಬೇಕಾದುದು. ಇದು ವಿನಯವೆಂಬ ಗುಣದ ಒಂದು ರೂಪ.

ಇನ್ನು, ಪ್ರತಿಗಳು ಸಾವಿರಾರು ಇವೆಯೆಂಬ ವಾದ. ಇದು ಒಬ್ಬನು ಹೇಳುವಾಗ ಸತ್ಯವೇ. ಎಲ್ಲರೂ ಹೇಳತೊಡಗಿದರೆ ಸುಳ್ಳಾಗುವ ಜಾತಿಯ ಸತ್ಯ. ಊರಿನ ಕೆರೆಯಿಂದ ಒಂದು ಬುಟ್ಟಿ ಏರಿಮಣ್ಣನ್ನು ತೆಗೆದರೆ ಕೆರೆ ಒಡೆಯದು ಎಂದು ಪ್ರತಿಯೊಬ್ಬನೂ ಹೇಳಬಹುದು. ಅಲ್ಲದೆ, ಕೈಯಿಂದ ಬಣ್ಣ ತುಂಬಿದ ಪ್ರತಿಗಳು ಒಂದಕ್ಕೊಂದು ಪೂರ್ತಿ ಸಮವಲ್ಲವೆಂಬುದನ್ನು ಆಗಲೇ ನೋಡಿದೆವು. ಸಸ್ಯಶಾಸ್ತ್ರಕ್ಕೆ ಇದು ಕೇವಲ ಸೊಗಸಿನ ವಿಷಯವೂ ಅಲ್ಲ. ಈ ಪತ್ರಿಕೆಗಳಲ್ಲಿ ಅನೇಕ ಗಿಡಗಳು ಮೊತ್ತಮೊದಲು ಹೆಸರನ್ನೂ ವರ್ಣನೆಯನ್ನೂ ಪಡೆದುವು. ಒಣಗಿಸಿಟ್ಟ ಮಾದರಿಗಿಡ ಉಳಿದಿಲ್ಲದ ಕಡೆಯಲ್ಲಿ ಆ ಪಟವೇ ಹೆಸರಿಗೆ ಆಧಾರಪ್ರಮಾಣವಾಗುವುದುಂಟು. ಪ್ರಮಾಣವೆಂದ ಮೇಲೆ ಯಾರು, ಎಂದು, ಯಾವ ತೋಟದ ಯಾವ ಗಿಡವನ್ನು ನೋಡಿ ಬರೆದರು ಎಂಬ ವಿವರಗಳು ಪಟದ ಜೊತೆಯಲ್ಲಿಯೇ ಇರಬೇಕು. ವಿವರಗಳಿಂದ ಅಗಲಿದ ಪಟವು ಹೆಸರು ಮರೆತ ಸಾಕ್ಷಿಯಂತೆ.

ಒಟ್ಟಾಗಿ ಉಳಿಯುವುದರ ಫಲವೇನೆಂಬುದಕ್ಕೆ ನಮ್ಮ ನಾಡಿನದೇ ಒಂದು ಸಂಗತಿಯಿದೆ. ಹ್ಯೂ ಕ್ಲೆಗಾರ್ನ್ (1820–1895) ಎಂಬ ಸ್ಕಾಟ್ಲೆಂಡಿನ ವೈದ್ಯನು 1845ರಿಂದ 1847ರವರೆಗೆ ಶಿವಮೊಗ್ಗೆಯಲ್ಲಿದ್ದಾಗ, ಅಲ್ಲಿಯ ಗಿಡಗಳನ್ನು ದಿನಕ್ಕೊಂದರಂತೆ ಒಬ್ಬ ಮರಾಠಿ ಚಿತ್ರಕಾರನಿಂದ ಬರೆಯಿಸಿದನು. ಆ ಚಿತ್ರಕಾರನ ಹೆಸರು ಇತಿಹಾಸಕ್ಕೆ ದಕ್ಕಿಲ್ಲ. ಆದರೆ ಅವನ ಕೈಬರಹದ ಚಿತ್ರಗಳು ಎಡಿನ್‌ಬರೋ ನಗರದ ರಾಜಸಸ್ಯೋದ್ಯಾನದಲ್ಲಿ ಒಂದೆಡೆ ಉಳಿದುವು. ಹಾಗೆ ಉಳಿದುದರಿಂದಲೇ, ಮಲೆನಾಡಿನ ಸೆರಗಿನಲ್ಲಿ ಹೆಸರಿಲ್ಲದ ಒಬ್ಬ ಕಲಾವಿದನು ದಿನದಿನವೂ ಮಾಡಿದ ದುಡಿಮೆಯನ್ನು ಒಂದು ದುಡಿಮೆಯಾಗಿ ಇಂದಿನ ವಿದ್ವಾಂಸರು ಗುರುತಿಸಲು ಸಾಧ್ಯವಾಗಿದೆ. ಅವು ಒಂದೊಂದಾಗಿ ಒಂದೊಂದು ಗೋಡೆಗೆ ಹೋಗಿದ್ದರೆ, ಹೆಸರು ಹೋದವನ ಕೆಲಸವೂ ಹೋಗುತ್ತಿತ್ತು. ಕರ್ಟಿಸನ ಪತ್ರಿಕೆಗೆ ಬಣ್ಣ ತುಂಬಿದವರ ಪಾಡೂ ಇಂಥದೇ. ಅನಾಮಿಕರಿಗೆ ಬೇರೆ ಸ್ಮಾರಕವಿಲ್ಲ. ಅವರ ಕೆಲಸದ ಸಮಗ್ರತೆಯೇ ಅವರ ಸ್ಮಾರಕ.

ಇಲ್ಲಿಂದ ಒಡೆತನದ ಪ್ರಶ್ನೆಗೆ ಬರೋಣ. ನೂರೈವತ್ತು ಇನ್ನೂರು ವರ್ಷ ಬಾಳಿದ ಸಂಪುಟವೊಂದು ನನ್ನ ಕೈಗೆ ಬಂದಿತೆಂದರೆ, ಅದಕ್ಕೆ ಹಿಂದೆ ಐದಾರು ಮಂದಿಯಾದರೂ ಒಡೆಯರಿದ್ದಿರಬೇಕು. ಅವರಲ್ಲಿ ಯಾರಾದರೊಬ್ಬನು ಕತ್ತರಿಯನ್ನೆತ್ತಿದ್ದರೆ ಅದು ನನ್ನವರೆಗೆ ಬರುತ್ತಿರಲಿಲ್ಲ. ಎಂದರೆ, ನಾನು ಕೊಟ್ಟ ಹಣವು ವ್ಯಾಪಾರಿಗೆ ಸಂದಿತು. ಆ ಹಿಂದಿನವರ ಸಂಯಮಕ್ಕೆ ನಾನು ಏನನ್ನೂ ಕೊಟ್ಟಿಲ್ಲ. ಅದು ಋಣವಾಗಿ ಉಳಿದಿದೆ. ಹಿಂದಿನವರಿಗೆ ತೀರಿಸಲಾಗದ ಋಣವನ್ನು ಮುಂದಿನವರಿಗೆ ತೀರಿಸುವುದು ನಮ್ಮ ಹಿರಿಯರು ಒಪ್ಪಿದ ಕ್ರಮ. ಇಟ್ಟವನಿಗೆ ಇಟ್ಟಂತೆಯೇ ಹಿಂತಿರುಗಿಸತಕ್ಕ ವಸ್ತುವಿಗೆ ನ್ಯಾಸವೆಂದು ಹೆಸರು. ಹಳೆಯ ಗ್ರಂಥದ ಒಡೆತನವು ಭೋಗಕ್ಕಿಂತ ನ್ಯಾಸಕ್ಕೆ ಹತ್ತಿರವಾದುದು. ಓಲೆಗರಿಯ ಗ್ರಂಥಗಳನ್ನು ಬಲ್ಲವರು ಲಿಪಿಕಾರರು ಕಡೆಯಲ್ಲಿ ಮಾಡಿಕೊಳ್ಳುತ್ತಿದ್ದ ಬಿನ್ನಹವನ್ನು ಬಲ್ಲರು: ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಗ್ರಂಥವನ್ನು ಕಾಪಾಡಿರಿ ಎಂದು. ಕಟ್ಟು ಸಡಿಲವಾದರೆ ಗರಿಗಳು ಚದರುವುವು, ಗರಿಗಳು ಚದರಿದರೆ ಗ್ರಂಥವಿಲ್ಲ ಎಂಬುದನ್ನು ಅವರು ಅರಿತಿದ್ದರು. ಬಿನ್ನಹವು ಯಾರೋ ಒಬ್ಬ ಒಡೆಯನಿಗಲ್ಲ, ಮುಂದೆ ಬರುವ ಎಲ್ಲರಿಗೂ.

ಆದರೆ ಬಿಡಿಸುವವನ ಮೂರನೆಯ ಮಾತು ಇನ್ನೂ ಉತ್ತರವನ್ನು ಕಾದಿದೆ. ಬೀರುವಿನಲ್ಲಿ ಬೀಗ ಹಾಕಿದ ಪುಸ್ತಕದಿಂದ ಯಾರಿಗೆ ಪ್ರಯೋಜನ? ಇದಕ್ಕೆ ಸಂಗ್ರಹಕಾರನು ತಲೆಬಾಗಿ ಉತ್ತರ ಹೇಳಬೇಕು. ಕಾಲಿದ್ದೂ ನಡೆಯದವನಂತೆ, ಓದುವ ಗ್ರಂಥವಿದ್ದೂ ತೆರೆಯದಿರುವವನು ಇದ್ದಾನೆ. ಪೂರ್ಣ ಶ್ರೇಣಿಯನ್ನು ಕೂಡಿಸುವ ಹಂಬಲದಲ್ಲಿ ಸಂಪುಟದ ಸಂಖ್ಯೆಯನ್ನು ನೋಡುವನೇ ಹೊರತು ಸಂಪುಟವನ್ನು ನೋಡನು. ಹುಳು ಹಿಡಿದುದೂ ಅವನಿಗೆ ತಿಳಿಯದು. ಧನಕ್ಕೆ ದಾನ, ಭೋಗ, ನಾಶವೆಂಬ ಮೂರೇ ಗತಿಗಳೆಂಬ ನೀತಿ ಪುಸ್ತಕಕ್ಕೂ ಅನ್ವಯಿಸುತ್ತದೆ. ಕತ್ತರಿಸುವವನು ಗ್ರಂಥವನ್ನು ಒಂದೇ ದಿನದಲ್ಲಿ ನಾಶಮಾಡುತ್ತಾನೆ. ಬಚ್ಚಿಡುವವನು ಬಹಳ ದಿನಗಳಲ್ಲಿ. ಬೇರೆಯವರಿಗೆ ತೋರಿಸದವನ ಕೈಯಲ್ಲಿ ಗ್ರಂಥವು ಹರಿಯದಿದ್ದರೂ ಸತ್ತಂತೆಯೇ. ಆದುದರಿಂದ ಕತ್ತರಿಸದಿರುವುದು ಅರ್ಧ ಧರ್ಮ, ತೆರೆಯುವುದು ಉಳಿದರ್ಧ. ಜಿಜ್ಞಾಸುವಾದ ವಿದ್ಯಾರ್ಥಿಗೆ ಬಾಗಿಲು ತೆರೆದಿರಬೇಕು. ತನ್ನ ಕಾಲಾನಂತರ ಸಂಪುಟಗಳು ಯಾವ ಗ್ರಂಥಾಲಯಕ್ಕೆ ಸೇರತಕ್ಕದ್ದೆಂಬುದನ್ನು ಬದುಕಿರುವಾಗಲೇ ಬರೆದಿಡಬೇಕು.

ಬಡವನಿಗೆ ಹಾಳೆಯೊಂದು ದಕ್ಕಲೆಂಬ ಎರಡನೆಯ ವಾದಕ್ಕೆ ಕಾಲವೇ ಉತ್ತರವನ್ನು ಒದಗಿಸಿದೆ. ಕರ್ಟಿಸನ ಪತ್ರಿಕೆಯ ಹಳೆಯ ಸಂಪುಟಗಳ ಪುಟಗಳನ್ನು ಮೊದಲಿಂದ ಕಡೆಯವರೆಗೆ, ಅಕ್ಷರ ಸಹಿತವಾಗಿ, ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ಎಂಬ ಅಂತರ್ಜಾಲದ ಗ್ರಂಥಭಂಡಾರದಲ್ಲಿ ಈಗ ಯಾರು ಬೇಕಾದರೂ ಬೆಲೆಯಿಲ್ಲದೆ ನೋಡಬಹುದು. ಗೋಡೆಯ ಅಂದಕ್ಕೆ ಚಿತ್ರ ಬೇಕಾದವರು ಅಲ್ಲಿಂದ ಅಚ್ಚು ಹಾಕಿಸಿಕೊಳ್ಳಲಿ. ಹಳೆಯ ಸಂಪುಟವೊಂದರ ಕೊರಳಿಗೆ ಕತ್ತರಿ ಬೀಳಬೇಕಾದ ಅಗತ್ಯವಿಲ್ಲ. ಎಲ್ಲವೂ ಅಲ್ಲಿದ್ದ ಮೇಲೆ ಕಾಗದದ ಸಂಪುಟ ಏತಕ್ಕೆ ಎಂದು ಕೇಳುವವರೂ ಉಂಟು. ಕುಂಚದ ಓಟ, ಬಣ್ಣದ ಪದರ, ಸೀಸದ ಬಿಳಿಬಣ್ಣವು ಗಾಳಿಯ ದೋಷದಿಂದ ಕಪ್ಪಾಗಿರುವ ಗುರುತು, ಕಾಗದದ ಹದ—ಇವೆಲ್ಲ ಪರೀಕ್ಷೆಗೆ ಸಿಕ್ಕುವುದು ಮೂಲದಲ್ಲಿಯೇ. ಪ್ರತಿಬಿಂಬವಿದೆಯೆಂದು ಬಿಂಬವನ್ನು ಒಡೆಯಬಾರದು.

ಕಡೆಯದಾಗಿ, ಆಗಲೇ ಬಿಡಿಯಾಗಿ ಹೋದ ಹಾಳೆಗಳು ಸಾವಿರಾರು ಇವೆ. ಅವುಗಳನ್ನು ಪ್ರೀತಿಯಿಂದ ಕೊಂಡು ಇಟ್ಟುಕೊಂಡವರೂ ಬಹಳ. ಅವರನ್ನು ದೋಷಿಗಳೆನ್ನುವುದು ನಮ್ಮ ಅಭಿಪ್ರಾಯವಲ್ಲ. ಹಿಂದೆಂದೋ ಒಡೆದ ಸಂಪುಟದ ಹಾಳೆಗೆ ಆಶ್ರಯ ಕೊಡುವುದು ಬೇರೆ. ಹೊಸದಾಗಿ ಒಡೆಯುವುದಕ್ಕೆ ಆಸೆ ಹುಟ್ಟಿಸುವುದು ಬೇರೆ. ಕೊಳ್ಳುವವನು ಆ ಭೇದವನ್ನು ವಿಚಾರಿಸಿ ತಿಳಿಯತಕ್ಕದ್ದು. ಕೊಂಡ ಹಾಳೆ ಯಾವ ಪತ್ರಿಕೆಯದು, ಯಾವ ಸಂಪುಟದ್ದು, ಎಷ್ಟನೆಯ ಪಟ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ, ಮನೆ ತಪ್ಪಿದ ಕೂಸಿಗೆ ಊರು ಹೇಳಿಕೊಟ್ಟಂತಾಗುತ್ತದೆ.

ಇಷ್ಟಕ್ಕೂ ಇದು ತೋಟಗಾರರ ಪತ್ರಿಕೆಗಳ ವಿಷಯ. ತೋಟಗಾರನು ತನ್ನ ಆಯುಸ್ಸನ್ನು ಲೆಕ್ಕಕ್ಕೆ ತಾರದೆ ಮಾವಿನ ಸಸಿಯನ್ನು ನೆಡುವವನು. ಹೂ ಬೇಕೆಂದು ಬೇರನ್ನು ಕೀಳದವನು. ಅವನ ಪತ್ರಿಕೆಯನ್ನು ಸಂಗ್ರಹಿಸುವವನು ಅವನಿಂದ ಕಲಿಯಬಹುದಾದ ಮೊದಲ ಪಾಠ ಇದೇ. ತನ್ನದೆಂಬ ವಸ್ತುವನ್ನು ತನಗಿಂತ ದೀರ್ಘಾಯುವೆಂದು ತಿಳಿದು ಕಾಯುವುದು, ಕಾದುದನ್ನು ಕಂಡವರಿಗೆ ತೆರೆದು ತೋರಿಸುವುದು. ಒಡೆಯನೆಂಬ ಪದಕ್ಕೆ ಒಡೆತನವುಳ್ಳವನೆಂಬ ಅರ್ಥವಿದೆ. ಒಡೆಯುವವನೆಂಬ ಅರ್ಥವು ಅದಕ್ಕೆ ಬಾರದಂತೆ ನಡೆದುಕೊಳ್ಳುವುದು ಪ್ರತಿಯೊಬ್ಬ ಸಂಗ್ರಹಕಾರನ ಹೊಣೆ.